ಹನ್ನೊಂದನೆಯ ಬಟ್ಟಲಿನ ಬೂದಿ

ಇಂಗ್ಲಿಷರ ನಾಡಿನ ಬೀಸ್ಟನ್ ಎಂಬ ಊರಿನ ಸಾಲುಮನೆಗಳ ಮಕ್ಕಳು ಹಾಲಿನ ಬಾಟಲಿಗಳ ಸದ್ದಿಗೆ ಏಳುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಮಾತ್ರ ಆ ಸದ್ದಿಗೂ ಮುಂಚೆ ಏಳಬೇಕಿತ್ತು. ಅವ್ವ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿಗಳ ಪಟ್ಟಿ, ರೋಟಾ, ಅಡುಗೆಮನೆಯ ಬಾಗಿಲ ಮೇಲಿತ್ತು. ಅದರ ಕೆಳಗೆ ನನ್ನದು. ಆರಕ್ಕೆ ಏಳುವುದು, ಸ್ನಾನ, ಹಣೆಗೆ ವಿಭೂತಿ, ಆಮೇಲೆ ಬೆಲ್ಲ ಹಾಕಿದ ಓಟ್ಸ್ ಗಂಜಿ. ವಿಭೂತಿ ಹಚ್ಚಿಕೊಳ್ಳದೆ ಬಾಯಿಗೆ ಏನೂ ಹೋಗುವಂತಿರಲಿಲ್ಲ.

ನನಗೆ ಎಂಟು ತುಂಬಿದ ವರ್ಷ, ಬೇಸಿಗೆ ರಜೆಯಲ್ಲಿ ಅವ್ವನಿಗೆ ಹಗಲು ಪಾಳಿ ಬಂತು. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲ. ಅಪ್ಪ ದಿನವೂ ತಮ್ಮೊಂದಿಗೆ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯತೊಡಗಿದರು. ಅವರು ಧಾರವಾಡದಿಂದ ಪಿಎಚ್.ಡಿ.ಗೆಂದು ಬಂದವರು. ಅಕ್ಟೋಬರಿನೊಳಗೆ ಪ್ರಬಂಧ ಒಪ್ಪಿಸಿದರೆ ಊರಿನ ಕಾಲೇಜಿನಲ್ಲಿ ಕೆಲಸ ಕಾದಿತ್ತು. "ದೀಪಾವಳಿಗೆ ಊರಾಗ ಇರತೀವಿ" ಎಂದು ಅವ್ವ ಆಗಲೇ ಟ್ರಂಕಿನ ಧೂಳು ಒರೆಸಿದ್ದಳು.

ವಿಶ್ವವಿದ್ಯಾಲಯದ ಕೆರೆಯ ದಂಡೆಗುಂಟ ನಡೆದು ಹೋಗುತ್ತಿದ್ದೆವು. ನೀರಿನ ಮೇಲೆ ಮಂಜು ಮಲಗಿರುತ್ತಿತ್ತು. ಗುಡ್ಡದ ಮೇಲಿನ ಬಿಳಿ ಕಟ್ಟಡ ನೆಲಕ್ಕೆ ತಾಗದೆ ತೇಲುತ್ತಿರುವಂತೆ ಕಾಣುತ್ತಿತ್ತು. ಗಾಜಿನಮನೆಯೊಳಗೆ ಕಾಲಿಟ್ಟರೆ ಬೆಚ್ಚನೆಯ ಹಸಿಮಣ್ಣಿನ ವಾಸನೆ. ಕುಂಡಗಳಲ್ಲಿ ಅಪ್ಪನ ಓಟ್ಸ್ ಬೆಳೆ. ಅದನ್ನು ಕೊಯ್ದು, ಒಣಗಿಸಿ, ಪ್ರಯೋಗಾಲಯದ ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ತೂಗುತ್ತಿದ್ದರು. ಯಾವ ಗೊಬ್ಬರದಿಂದ ಬೆಳೆ ಎಷ್ಟು ಸಾರ ಹೀರಿತು ಎಂಬುದು ಆ ಬೂದಿಯಿಂದ ತಿಳಿಯಬೇಕು.

ಅಲ್ಲಿ ಬ್ರಯನ್ ಎಂಬ ಸಹಾಯಕನಿದ್ದ. ಆ ಕಡೆಯ ಜನರ ರೂಢಿಯಂತೆ ಎಲ್ಲರನ್ನೂ ಅಕ್ಕರೆಯಿಂದ 'ಡಕ್' ಎನ್ನುತ್ತಿದ್ದ.

"ಅಪ್ಪಾ, ಇಂವ ನನಗ ಬಾತುಕೋಳಿ ಅಂತಾನ."

"ನನಗೂ ಅಂತಾನ, ಪ್ರೊಫೆಸರಗೂ ಅಂತಾನ. ಏನೂ ಮುಟ್ಟಲಾರದ ಸುಮ್ಮ ಕೂಡು."

ಒಂದು ದಿನ ಅಲಾರಾಂ ಬಡಿಯಲಿಲ್ಲ. ಎದ್ದವರೇ ಓಡಿದೆವು. ಹನ್ನೊಂದು ಗಂಟೆಗೆ ಬ್ರಯನ್ ಬಿಸ್ಕತ್ತು ಕೊಟ್ಟು ಚಹಾಕ್ಕೆ ಹೋದ. ಬಾಯಿಯ ಹತ್ತಿರ ಒಯ್ದಾಗ ನೆನಪಾಯಿತು: ಹಣೆ ಬರಿದು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಪಿಂಗಾಣಿಯ ಪುಟ್ಟ ಬಟ್ಟಲುಗಳ ಸಾಲು, ಒಂದೊಂದರಲ್ಲೂ ನಯವಾದ ಬೂದಿ. ಹನ್ನೊಂದನೆಯದು ಎಲ್ಲಕ್ಕಿಂತ ಬೆಳ್ಳಗಿತ್ತು. ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡೆ. ಬಿಸ್ಕತ್ತು ತಿಂದೆ. ಅಷ್ಟರಲ್ಲಿ ಅಪ್ಪ ಬಂದರು. ಅವರ ಹಣೆಯೂ ಬರಿದಾಗಿತ್ತು. ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ.

"ಅಪ್ಪಾ, ನಿನಗೂ ಐತಿ."

ಅವರು ಬಟ್ಟಲನ್ನು ತೆಗೆದುಕೊಂಡು ಅದರ ಸಂಖ್ಯೆ ನೋಡಿದರು. ಆ ಬೂದಿಯ ತೂಕ ಇನ್ನೂ ಆಗಿರಲಿಲ್ಲ. ಅದು ಗೊಬ್ಬರವನ್ನೇ ಕಾಣದ ಕುಂಡದ ಬೆಳೆ. ಉಳಿದವುಗಳನ್ನೆಲ್ಲ ಅದಕ್ಕೇ ಹೋಲಿಸಬೇಕು. ಅಂಥದೇ ಇನ್ನೊಂದು ಕುಂಡ ಜೂನ್‌ನಲ್ಲೇ ಒಣಗಿಹೋಗಿತ್ತು.

ಚಹಾ ಹಿಡಿದು ಬಂದ ಬ್ರಯನ್ ಮೆಲ್ಲಗೆ ಹೇಳಿದ: "ಹೋದ ವರ್ಷದ ಅಂಕಿ ಇದೆಯಲ್ಲ ಡಕ್. ಅದನ್ನೇ ಬರೆದುಬಿಡು. ಯಾರು ಕೇಳ್ತಾರೆ?"

ಅಪ್ಪ ಬಟ್ಟಲನ್ನು ಮೇಜಿನ ಮೇಲಿಟ್ಟರು. ನನ್ನ ಕೈ ಹಿಡಿದು ನೇರವಾಗಿ ತಮ್ಮ ಮಾರ್ಗದರ್ಶಕ ಪ್ರೊಫೆಸರರ ಕೋಣೆಗೆ ನಡೆದರು. ನಡೆದದ್ದನ್ನು ಕೇಳಿ ಆ ಎತ್ತರದ ಮುದುಕರು ಬಗ್ಗಿ ನನ್ನ ಹಣೆ ನೋಡಿದರು.

"ಹನ್ನೊಂದನೆಯದು ಇದೇನಾ?"

"ಇದೇ. ತೂಕ ಆಗಿರಲಿಲ್ಲ."

"ಹಾಗಾದರೆ ಮತ್ತೆ ಬಿತ್ತಬೇಕು. ವಸಂತದವರೆಗೆ ಕಾಯಬೇಕಾಗುತ್ತೆ. ನಿನ್ನ ಊರಿನ ಕೆಲಸ?"

ಅಪ್ಪ ಕಿಟಕಿಯಾಚೆ ಕೆರೆಯನ್ನು ನೋಡಿದರು. "ಅವರು ಕಾಯೋದಿಲ್ಲ," ಎಂದರು.

ಆ ಸಂಜೆ ಅಪ್ಪ ಎಲ್ಲ ಹೇಳಿದ ಮೇಲೆ ಅವ್ವ ರೊಟ್ಟಿ ಬಡಿಯತೊಡಗಿದಳು. ನಾನು ಅಳಲು ಶುರುಮಾಡಿದಾಗ ಹಿಟ್ಟಿನ ಕೈಯಲ್ಲೇ ಎಳೆದುಕೊಂಡು, "ಅಳಬ್ಯಾಡ. ನಾವು ಕಲಿಸಿದ್ದನ್ನ ಮಾಡೀದಿ. ಇವರು ಬಟ್ಟಲಿಗೆ ಮುಚ್ಚಳ ಇಡಬೇಕಿತ್ತು" ಎಂದಳು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಆ ಮಾತಿಗೆ ಅವರ ಭುಜ ಕುಲುಕಿತು. ನಗುವೋ ಏನೋ, ನನಗೆ ಇಂದಿಗೂ ತಿಳಿಯದು.

ವಸಂತದಲ್ಲಿ ಅಪ್ಪ ಮತ್ತೆ ಬಿತ್ತಿದರು. ಪದವಿ ಬಂತು, ಆದರೆ ಧಾರವಾಡದ ಕೆಲಸ ಬೇರೆಯವರ ಪಾಲಾಗಿತ್ತು. ಇಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿಕೊಂಡರು, ಇಲ್ಲೇ ತೀರಿಕೊಂಡರು. ಗಾಜಿನಮನೆಯ ಜಾಗದಲ್ಲಿ ಈಗ ದೊಡ್ಡ ಸಂಶೋಧನಾ ಕೇಂದ್ರವಿದೆ; ಕಾರ್ಡು ತೋರಿಸದೆ ಬಾಗಿಲು ತೆರೆಯುವುದಿಲ್ಲ, ಮಕ್ಕಳಿಗೆ ಪ್ರವೇಶವಿಲ್ಲ. ಅದು ಸರಿಯೇ. ನಾನು ಕಳೆದುಕೊಂಡದ್ದು ಆ ಕಟ್ಟಡವನ್ನಲ್ಲ.

ಎರಡು ವರ್ಷಕ್ಕೊಮ್ಮೆ ಧಾರವಾಡಕ್ಕೆ ಹೋಗುತ್ತೇನೆ. ಬಸ್ಸಿನಲ್ಲಿ ನನ್ನ ವಯಸ್ಸಿನ ಹೆಂಗಸರು ಶಾಲೆಯ ಗೆಳತಿಯರನ್ನು ಕಂಡು ಹೆಸರು ಹಿಡಿದು ಕೂಗುತ್ತಾರೆ. ನನ್ನನ್ನು ಹಾಗೆ ಕೂಗುವವರು ಅಲ್ಲಿ ಒಬ್ಬರೂ ಇಲ್ಲ. ಹೋದ ಸಲ ಒಬ್ಬಾಕೆ ಸರಿದು ಜಾಗ ಕೊಟ್ಟು, "ಯಾವೂರರೀ ನಿಮ್ಮದು?" ಎಂದಳು.

"ಇದ ಊರರೀ," ಎಂದುಬಿಟ್ಟೆ.

ಹಳೆಯ ಅಂಕಿ ಬರೆಯಲೊಪ್ಪದ ಅಪ್ಪ ಜೊತೆಗಿದ್ದಿದ್ದರೆ ಆ ಉತ್ತರವನ್ನು ತಿದ್ದಿಸುತ್ತಿದ್ದರು.