ಮಾನ್ವಿಯ ಗಟಾರ, ಮಾತಾಡುವ ಕಾರು

ನನ್ನ ಚಿಗವ್ವನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಎಪ್ಪತ್ತೆರಡು. ಕಣ್ಣಿನ ಒತ್ತಡದ ರೋಗದಿಂದ ದೃಷ್ಟಿ ಕುಂದಿ ಈಗ ಬೆಳಕು, ನೆರಳು ಮಾತ್ರ ಕಾಣುತ್ತವೆ. ಆದರೂ ಪ್ರತಿ ಮಂಗಳವಾರ ದೇವದುರ್ಗದಿಂದ ಬಸ್ಸಿನಲ್ಲಿ ಒಬ್ಬಳೇ ಮಾನ್ವಿಗೆ ಹೋಗಿ, ಹಾಸಿಗೆ ಹಿಡಿದಿರುವ ತನ್ನಕ್ಕನ ತಲೆ ಬಾಚಿ ಹೆರಳು ಹಾಕಿ ಬರುತ್ತಿದ್ದಳು. ಕಳೆದ ವರ್ಷ ಒಮ್ಮೆ ಮಾನ್ವಿಯಲ್ಲಿ ಬಸ್ಸಿಳಿಯುವಾಗ ಗಟಾರಕ್ಕೆ ಕಾಲಿಟ್ಟು ಪಾದ ಉಳುಕಿಸಿಕೊಂಡಳು. ಇನ್ನು ಮಾನ್ವಿ ಬಂದ್ ಎಂದುಬಿಟ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಮನೆಯಲ್ಲೇ ಉಳಿದಳು. ಮಂಗಳವಾರ ಬಂದರೆ ಬಾಚಣಿಗೆ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಚೀಲದಲ್ಲಿಡುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು.

ಆ ದಿನಗಳಲ್ಲೇ ರಾಯಚೂರಿನ ಕಾಲೇಜಿನಲ್ಲಿ ಓದುವ ನನ್ನ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದಳು. ಚಾಲಕನಿಲ್ಲದೆ ಓಡುವ ಕಾರು, ಕಣ್ಣು ಮಂಜಾದ ಹಿರಿಯರೊಂದಿಗೆ ಹೇಗೆ ಮಾತಾಡಬೇಕು ಎಂದು ಅವಳೂ ಗೆಳತಿಯರೂ ಸೇರಿ ಪರೀಕ್ಷೆ ನಡೆಸುತ್ತಿದ್ದರು. ಚಿಗವ್ವನನ್ನು ಕರೆದುಕೊಂಡು ಹೋದೆ. ಅಂಥ ಕಾರು ಆ ಹುಡುಗಿಯರಿಗೆ ಎಲ್ಲಿಂದ ಸಿಗಬೇಕು? ಮಾಮೂಲಿ ಕಾರಿನಲ್ಲೇ ಒಬ್ಬಳು ತುಟಿ ಬಿಚ್ಚದೆ ಸ್ಟೇರಿಂಗ್ ಹಿಡಿದಿದ್ದಳು, ಮಾತೆಲ್ಲ ಮೊಬೈಲಿನದು.

ಕಾಲೇಜಿನ ಆವರಣ ಸುತ್ತಿ ಕಾರು ನಿಂತಿತು. ತಲುಪಿದ್ದೀರಿ, ಇಳಿಯಿರಿ ಎಂದಿತು ಮೊಬೈಲು. ಮೂರು ಸಲ ಹೇಳಿದರೂ ಚಿಗವ್ವ ಕದಲಲಿಲ್ಲ. ಅರ್ಥವಾಗಿಲ್ಲವೆಂದು ನನಗೇ ನಾಚಿಕೆಯಾಗಿ ಬಾಗಿಲಿಗೆ ಕೈ ಹಾಕಿದೆ.

“ತಡಿ,” ಎಂದಳು. “ಇಳೀರಿ ಅನ್ನಾಕತ್ತದ, ಕಾಲ ಕೆಳಗ ಏನದ ಅಂತ ಹೇಳವಲ್ದು. ನಮ್ಮ ಬಸ್ಸಿನ ಕಂಡಕ್ಟರ್ ಹೇಳ್ತಾನ, ಯವ್ವಾ, ಎಡಕ್ಕ ಗಟಾರ ಅದ, ಬಲಕ್ಕ ಸರಿದು ಕಾಲಿಡು ಅಂತ. ಅವ್ರಿಗೆಲ್ಲಾ ನಾನ ಕಲಿಸೀನಿ.”

ಹುಡುಗಿಯರು ಬರೆದುಕೊಳ್ಳತೊಡಗಿದರು. ಮೆಟ್ಟಿಲು ಎಷ್ಟು ಎತ್ತರ, ಹಿಂದಿನಿಂದ ಗಾಡಿ ಬರುತ್ತಿದೆಯೇ, ಹಿಡಿಯಲು ಕಂಬಿ ಯಾವ ಕಡೆ, ಎಲ್ಲವನ್ನೂ ಹೇಳಿಸಿಕೊಂಡೇ ಅವಳು ಇಳಿಯುತ್ತಿದ್ದಳಂತೆ. ಹೊಸ ಕಂಡಕ್ಟರ್ ಬಂದರೆ ಮೊದಲ ದಿನವೇ ಪಾಠ. ಟೀಚರ್ ಎನಿಸಿಕೊಂಡವಳು ನಾನು, ಕಲಿಸಿದವಳು ಇವಳು. ನನಗೆ ಎದೆಯುಬ್ಬಿತು.

ಇಷ್ಟಾದರೂ ಎಂದಾದರೂ ಬಿದ್ದಿದ್ದೀರಾ ಎಂದು ಒಬ್ಬಳು ಕೇಳಿದಳು. ಒಮ್ಮೆ ಎಂದಷ್ಟೇ ಹೇಳಿದಳು ಚಿಗವ್ವ.

ಆ ಒಮ್ಮೆ ಅವಳ ಜೊತೆ ಇದ್ದವಳು ನಾನು. ನಾನಿದ್ದೇನಲ್ಲ ಎಂದು ಕಂಡಕ್ಟರನನ್ನು ಆಚೆ ಕಳಿಸಿ, ಮೊದಲು ಇಳಿದು, ಕಿವಿಗೆ ಫೋನ್ ಇಟ್ಟುಕೊಂಡೇ ಇಳಿ ಇಳಿ ಎಂದು ಅವಸರಪಡಿಸಿದ್ದೆ. ಇಷ್ಟು ದಿನ ಅವಳು ಅದನ್ನು ಯಾರ ಮುಂದೆಯೂ ಎತ್ತಿರಲಿಲ್ಲ.

ಮುಂದಿನ ಮಂಗಳವಾರ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಮಾನ್ವಿ ಬಸ್ಸಿನ ಬಾಗಿಲ ಮುಂದೆ ನಿಲ್ಲಿಸಿ, “ಮೊದಲ ಮೆಟ್ಟಿಲು ಎತ್ತರ ಅದ, ಬಲಕ್ಕ ಕಂಬಿ ಅದ,” ಎಂದೆ.

“ಈಗ ಬರೋಬರಿ ಹೇಳಿದಿ,” ಎಂದು ಕಂಬಿ ಹಿಡಿದು ಹತ್ತಿದಳು, ಒಬ್ಬಳೇ.