ಪ್ಲಗ್ಗಿನ ಗುಂಡಿಯೂ ಹಳದಿ ದೀಪವೂ

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ತಪ್ಪು ಹುಡುಕುವುದು. ಹಾಗೆಂದರೆ ನಮ್ಮ ಅತ್ತೆಯ ಕಡೆಯವರು, "ಅದಕ್ಕೂ ಸಂಬಳ ಕೊಡ್ತಾರೇನಮ್ಮ?" ಎಂದು ಕೇಳುತ್ತಾರೆ. ಕೊಡುತ್ತಾರೆ. ಜಿಗಣಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ವಾಹನಗಳ ರಬ್ಬರ್ ಸೀಲುಗಳು ತಯಾರಾಗುತ್ತವೆ. ಬಿರುಕು ಬಿಟ್ಟದ್ದು, ಗುಳ್ಳೆ ಎದ್ದದ್ದು, ಸೊಟ್ಟಗಾದದ್ದನ್ನು ಹೆಕ್ಕಿ ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಪಾಲಿನ ಕೆಲಸ. ದಿನವೆಲ್ಲ ಹೀಗೆ ಕೂದಲೆಳೆಯಷ್ಟು ಬಿರುಕಿಗೆ ಮುಖ ಸಿಂಡರಿಸುವ ನಾನು, ನನ್ನದೇ ಕಾರಿನ ಇಂಜಿನ್ನಿನಲ್ಲಿ ಅಂಥದೇ ಸೀಲುಗಳು ಒಣಗಿ ಎಣ್ಣೆ ಸೋರುತ್ತಿದ್ದುದನ್ನು ಬಹಳ ದಿನ ಕಾಣಲಿಲ್ಲ. ಅದಕ್ಕೆ ಕಾರಣ ನನ್ನ ಗಂಡ. ಹೆಂಗಸರು ಬರೆದರೆ ಎಲ್ಲದಕ್ಕೂ ಗಂಡನೇ ಕಾರಣ ಎಂದು ಗೊಣಗಬೇಡಿ, ಪೂರ್ತಿ ಕೇಳಿ.

ನಮ್ಮವರು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಮ್ಯಾನೇಜರು. ಯಾವುದೋ ದೇಶದ ಯಾರದೋ ಕಂಪ್ಯೂಟರಿನಲ್ಲಿ ಏನೋ ಕೆಟ್ಟರೆ ಇವರ ಪರದೆಯ ಮೇಲೆ ದೂರಿನ ಒಂದು ಟಿಕೆಟ್ಟು ಹುಟ್ಟುತ್ತದೆ. ಸಂಜೆಯೊಳಗೆ ಅದನ್ನು ಕ್ಲೋಸ್ ಮಾಡುವುದು ಇವರ ತಂಡದ ಧರ್ಮ. ಕೆಟ್ಟದ್ದು ಸರಿಹೋಯಿತೇ ಎಂದು ಒಮ್ಮೆ ಕೇಳಿದ್ದಕ್ಕೆ, "ಅದು ಬೇರೆ ಟೀಮು ಕಣೇ" ಎಂದರು. ಮನೆಯಲ್ಲೂ ಇದೇ ಪದ್ಧತಿ. ಟಿವಿ, ಗೀಸರ್, ನೀರಿನ ಫಿಲ್ಟರ್ ಯಾವುದು ಮುನಿಸಿಕೊಂಡರೂ ಆಫ್ ಮಾಡಿ ಆನ್ ಮಾಡುವುದೇ ಮದ್ದು. ನಾನು ಮುನಿಸಿಕೊಂಡರೂ ಅದನ್ನೇ ಪ್ರಯೋಗಿಸುತ್ತಾರೆ: ಸ್ವಲ್ಪ ಹೊತ್ತು ಹೊರಗೆ ಹೋಗಿ, ಮತ್ತೆ ಬಂದು, ಏನೂ ನಡೆದೇ ಇಲ್ಲವೆಂಬಂತೆ "ಕಾಫಿ ಇದ್ಯಾ?" ಎನ್ನುತ್ತಾರೆ. ಬೇಸರದ ಸಂಗತಿಯೆಂದರೆ, ಎಷ್ಟೋ ಸಲ ಅದು ಕೆಲಸ ಮಾಡುತ್ತದೆ.

ಕಾರು ಮಾತ್ರ ನನ್ನದು. ನನ್ನ ದುಡಿಮೆಯಲ್ಲಿ ಹಳೆಯದನ್ನೇ ಕೊಂಡದ್ದು. ಅದರ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಮೊದಲ ಸಲ ಹತ್ತಿದಾಗ ಇವರು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಸಾಧನ ತರಿಸಿ, ಸ್ಟೀರಿಂಗಿನ ಕೆಳಗೆ ಚುಚ್ಚಿ, ಮೊಬೈಲಿನಲ್ಲಿ ಏನೋ ಒತ್ತಿದರು. ದೀಪ ಆರಿತು. "ಕ್ಲೋಸ್ಡ್!" ಎಂದರು. ನಾನೂ ಹಿಗ್ಗಿದೆ. ಕೆಲವು ದಿನಕ್ಕೆ ಮತ್ತೆ ಹತ್ತಿತು, ಮತ್ತೆ ಆರಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ ಕಾರು ಚಳಿ ಹಿಡಿದವರಂತೆ ನಡುಗುತ್ತಿತ್ತು, ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಆದರೆ ದೀಪ ಆರಿತ್ತಲ್ಲ! ನಮ್ಮಜ್ಜಿ, ದೇವರ ದೀಪ ಆರಿಸು ಎನ್ನಲು ಬಿಡುತ್ತಿರಲಿಲ್ಲ. "ದೊಡ್ಡದು ಮಾಡು" ಎನ್ನಬೇಕಿತ್ತು. ದೀಪ ಉರಿಯುವುದೇ ಶುಭವೆಂದು ನಂಬಿದ್ದವಳ ಮೊಮ್ಮಗಳಾದ ನಾನು, ಇದೊಂದು ಉರಿಯದಿದ್ದರೆ ಸಾಕಪ್ಪಾ ಎಂದು ಬೇಡಿಕೊಳ್ಳುತ್ತ ಹೊಸೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದೆ.

ಒಂದು ಬೆಳಗ್ಗೆ ಕಾರು ಮೇಲ್ಸೇತುವೆಯ ಮೇಲೆ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಿಂದಿನವರು ಹಾರ್ನಿನಲ್ಲೇ ನನ್ನ ವಂಶಾವಳಿ ಜಾಲಾಡಿದರು. "ಇನ್ನೊಂದ್ಸಲ ನಿಂತ್ರೆ ಮಾರಿಬಿಡೋಣ" ಎಂದು ಹಿಂದೊಮ್ಮೆ ಕಾರು ಕೈಕೊಟ್ಟಾಗಲೇ ಇವರು ಹೇಳಿದ್ದರು, ನಾನೂ ಧಿಮಾಕಿನಿಂದ "ಆಯ್ತು" ಎಂದಿದ್ದೆ. ಆ ಸಂಜೆಯೇ ದೀಪ ಆರಿಸಿ, ಹಳೆ ಕಾರು ಕೊಳ್ಳುವ ಒಂದು ಆ್ಯಪಿನಲ್ಲಿ "ಯಾವ ದೋಷವೂ ಇಲ್ಲ" ಎಂದು ತುಂಬಿದರು. ಆ್ಯಪು ಒಳ್ಳೆಯ ಬೆಲೆಯನ್ನೇ ಹೇಳಿ, ಭಾನುವಾರ ಪರೀಕ್ಷೆಗೆ ಆಳು ಕಳಿಸುವುದಾಗಿ ತಿಳಿಸಿತು.

ನನಗೆ ನಿಜವಾಗಿ ಅಳು ಬಂತು. ಆ ಕಾರು ಬಂದಮೇಲೆ ಎಲ್ಲಿಗೇ ಹೊರಡುವುದಿದ್ದರೂ ನಾನು ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಈಗ ಮತ್ತೆ "ನೀವು ಯಾವಾಗ ಬಿಡುವಾಗ್ತೀರಿ?" ಎಂದು ಕೇಳುವ ಕಾಲ. ಅದರ ಜೊತೆಗೆ ಇನ್ನೊಂದು ಕೊರಗು: ಕೊಂಡ ಪುಣ್ಯಾತ್ಮರು ಯಾರೋ ನಾಳೆ ಅದೇ ಸೇತುವೆಯ ಮೇಲೆ ನಿಲ್ಲುತ್ತಾರೆ. ಕೆಟ್ಟದ್ದನ್ನು ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟುವುದು ನನ್ನಿಂದಾಗದು. ಕಳಿಸುವುದೇ ಆದರೆ ಸರಿಮಾಡಿ ಕಳಿಸೋಣ ಎಂದು ಶನಿವಾರ ಬಾನೆಟ್ಟು ಎತ್ತಿದೆ.

ಸ್ಪಾರ್ಕ್ ಪ್ಲಗ್ಗು ಇಂಜಿನ್ನಿನ ನೆತ್ತಿಯ ಮೇಲೆ ಒಂದು ಆಳವಾದ ಗುಂಡಿಯ ತಳದಲ್ಲಿ ಕೂತಿರುತ್ತದೆ. ಕಿಡಿ ಹೊತ್ತಿಸುವವನಿಗೆ ಏಕಾಂತ ಬೇಕು, ಗುಂಡಿ ಒಣಗಿರಬೇಕು. ಪ್ಲಗ್ಗಿಗೆ ಕರೆಂಟು ಕೊಡುವ ಮೇಲಿನ ಕಾಯಿಲ್ ಕಿತ್ತರೆ ಅದರ ಕಾಲು ಉಪ್ಪಿನಕಾಯಿ ಜಾಡಿಯಿಂದ ತೆಗೆದ ಚಮಚದಂತೆ ಎಣ್ಣೆ ತೊಟ್ಟಿಕ್ಕಿತು. ಟಾರ್ಚು ಬಿಟ್ಟು ನೋಡಿದರೆ ಗುಂಡಿಯಲ್ಲಿ ಕಪ್ಪನೆಯ ಎಣ್ಣೆ ನಿಂತಿದೆ. ಅದನ್ನು ತಡೆಯಬೇಕಾದ್ದು ಗುಂಡಿಯ ಬಾಯಿಗೆ ಸುತ್ತಿದ ರಬ್ಬರಿನ ಬಳೆ, ಅಂದರೆ ಸೀಲು. ಕಾವಿನಲ್ಲಿ ಬೆಂದು ಬೆಂದು ರಬ್ಬರು ಗಟ್ಟಿಯಾಗುತ್ತದೆ, ಆಮೇಲೆ ಬಿಗಿಹಿಡಿಯುವುದನ್ನು ಮರೆಯುತ್ತದೆ. ಇದನ್ನು ಹೊಸಬರಿಗೆ ಕಲಿಸುವವಳು ನಾನೇ.

ಕಾಯಿಲ್ ಮತ್ತೆ ಕೂರಿಸಿ, ಅದೇ ಕಾರಿನಲ್ಲಿ ಬೊಮ್ಮಸಂದ್ರದ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಬಳೆ, ಇಂಜಿನ್ ಮುಚ್ಚಳದ ಅಂಚಿಗೆ ಹಾಕುವ ಗ್ಯಾಸ್ಕೆಟ್ಟು, ಹೊಸ ಪ್ಲಗ್ಗು ತಂದೆ. ಹೋಗಿಬರುವಷ್ಟರಲ್ಲಿ ದೀಪ ಮತ್ತೆ ಹತ್ತಿಕೊಂಡಿತು. ಇವರಿಗೆ ಹೇಳೋಣವೆಂದರೆ ಯಾವುದೋ ಕಾಲ್‌ನಲ್ಲಿದ್ದರು. ಭಾನುವಾರ ಬೆಳಗ್ಗೆ ನಾನು ಬೇಸ್ಮೆಂಟಿಗೆ ಇಳಿದಾಗಲೂ ಕಾಲ್‌ನಲ್ಲೇ ಇದ್ದರು.

ಮೊದಲು ಕಡ್ಡಿಗೆ ಬಟ್ಟೆ ಸುತ್ತಿ ಗುಂಡಿಯ ಎಣ್ಣೆ ಹೀರಿಸಬೇಕು. ಅದು ಬಿಟ್ಟು ಪ್ಲಗ್ಗು ಕಿತ್ತರೆ ಎಣ್ಣೆಯೆಲ್ಲ ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಅದಾದ ಮೇಲೆ ಮುಚ್ಚಳ ಬಿಚ್ಚಿ ಹಳೆಯ ಬಳೆ ಕೀಳಬೇಕು. ಕಿತ್ತವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಪುಣ್ಯಕ್ಕೆ ನಮ್ಮ ಕಾರ್ಖಾನೆಯ ಗುರುತು ಇರಲಿಲ್ಲ. ಹೊಸ ಬಳೆ, ಹೊಸ ಪ್ಲಗ್ಗು ಕೂರಿಸಿ ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಇದು ಸಂಸಾರಕ್ಕೂ ಹೊಂದುವ ಮಾತೆಂದು ಬರೆಯಲು ಕೈ ತುರಿಸುತ್ತಿದೆ, ಬರೆಯುವುದಿಲ್ಲ.

ನಡುವೆ ನಮ್ಮ ಅಪಾರ್ಟ್ಮೆಂಟ್ ಸಂಘದ ಕಾರ್ಯದರ್ಶಿ ಬಂದರು. "ಮೇಡಂ, ಇಲ್ಲಿ ರಿಪೇರಿ ಮಾಡೋ ಹಾಗಿಲ್ಲ. ಗ್ರೂಪಲ್ಲಿ ಹಾಕಿದೀವಲ್ಲ."

"ರಿಪೇರಿ ಅಲ್ಲ ಸಾರ್, ಕ್ಲೀನಿಂಗ್."

"ಓ, ಹಾಗಾದ್ರೆ ಸರಿ. ಎಲ್ಲಿ ಸಾರ್ ಕಾಣಿಸ್ತಿಲ್ಲ?"

"ಮೇಲೆ ಕಾಲ್‌ನಲ್ಲಿದ್ದಾರೆ."

"ಛೆ ಪಾಪ, ಭಾನುವಾರಾನೂ ಕೆಲಸ!" ಎಂದು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿದ್ದ ನನ್ನೆದುರು ಇವರಿಗಾಗಿ ಮರುಗಿ ಹೋದರು.

ಕೀಲಿ ತಿರುಗಿಸಿದೆ. ನಡುಕ ಇಲ್ಲ, ಕೆಮ್ಮು ಇಲ್ಲ. ಇಷ್ಟು ಚೆನ್ನಾಗಿ ಓಡುವುದನ್ನು ಕಳಿಸಬೇಕಲ್ಲ ಎಂದು ಹೊಟ್ಟೆ ಉರಿಯಿತು. ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ಅದಕ್ಕೆ ಹಳೆಯದೆಲ್ಲ ನೆನಪಿರುತ್ತದೆ. ಕೆಲವು ಸಲ ತೊಂದರೆಯಿಲ್ಲದೆ ಓಡಿದರೆ ತಾನೇ ನಂಬಿ ಆರುತ್ತದೆ. ಅಷ್ಟರಲ್ಲಿ ಆ್ಯಪಿನವರು ಬಂದರು, ಅವರನ್ನು ಕರೆದುಕೊಂಡು ನಮ್ಮವರೂ ಇಳಿದು ಬಂದರು. ಬಂದವರು ಗದಗದ ಕಡೆಯವರು, ನಡುವಯಸ್ಸು. ಇಂಜಿನ್ನಿಗೆ ಕಿವಿಗೊಟ್ಟು, "ಭಾಳ ಚಲೋ ಐತ್ರಿ ಮೇಡಂ. ಹೂವಿನಂಗ ಓಡಾಕತ್ತೈತಿ" ಎಂದರು. ಆಮೇಲೆ ಒಳಗೆ ಇಣುಕಿದರು. "ಆದ್ರ ದೀಪ ಹತ್ತೇತಲ್ರಿ?"

ಹಳೆಯ ಬಳೆಗಳನ್ನು ಅವರ ಕೈಗಿಟ್ಟು ನಡೆದದ್ದೆಲ್ಲ ಹೇಳಿದೆ. "ನನಗ ತಿಳೀತ್ರಿ. ಆ್ಯಪಿಗೆ ತಿಳೀಬೇಕಲ್ರಿ" ಎಂದು ತಮ್ಮ ಸಾಧನ ಚುಚ್ಚಿದರು. ಬೆಲೆ ಅರ್ಧಕ್ಕೆ ಇಳಿಯಿತು.

"ಎರಡು ನಿಮಿಷ ಕೊಡಿ, ಕ್ಲಿಯರ್ ಮಾಡ್ತೀನಿ" ಎಂದರು ನಮ್ಮವರು.

"ಈಗ ಆಗಂಗಿಲ್ರಿ ಸರ. ರಿಪೋರ್ಟ್ ಹೋಗೇತಿ."

ಇವರ ಮುಖ ಕೆಂಪಾಯಿತು. "ಏನ್ರೀ ಇದು, ಆ ಇಂಜಿನ್ ಹೇಗಿದೆ ಕೇಳಿ! ಈ ರೇಟಿಗೆ ಯಾವನು ಕೊಡ್ತಾನೆ? ನಾವು ಮಾರೋದೇ ಇಲ್ಲ!" ಇಷ್ಟು ವರ್ಷದಲ್ಲಿ ಇವರು ನನ್ನ ಕಾರಿನ ಪರವಾಗಿ ಆಡಿದ ಮೊದಲ ಮಾತು ಅದು. ನಾನು ತಲೆ ತಗ್ಗಿಸಿ, ಬಹಳ ನೊಂದವಳಂತೆ ಸ್ಪ್ಯಾನರುಗಳನ್ನು ಜೋಡಿಸಿಕೊಂಡೆ.

ಮೊನ್ನೆ ಜಿಗಣಿಯ ದಾರಿಯಲ್ಲಿ ದೀಪ ತಾನಾಗಿಯೇ ಆರಿತು. ಕಾರು ಪಕ್ಕಕ್ಕೆ ಹಾಕಿ, ಒಬ್ಬಳೇ ಕೂತು ಒಂದಷ್ಟು ನಕ್ಕೆ. ರಾತ್ರಿ ಊಟಕ್ಕೆ ಕೂತಾಗ ಇವರು, "ಶೈಲೂ, ಆ್ಯಪಿನವ್ರು ಮತ್ತೆ ಫೋನ್ ಮಾಡಿದ್ರು. ದೀಪ ತಾನಾಗೇ ಆರಿದ್ರೆ ಮೊದಲಿನ ರೇಟೇ ಕೊಡ್ತಾರಂತೆ, ನಾವು ಆರಿಸಿದ್ರೆ ಅವ್ರಿಗೆ ಗೊತ್ತಾಗುತ್ತಂತೆ. ಇನ್ನೂ ಉರೀತಿದ್ಯಾ?" ಎಂದರು.

"ಉರೀತಾನೇ ಇದೆ ಕಣ್ರೀ" ಎಂದು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.