ಭಟ್ಟರ ಕಾಶಿ ಮತ್ತು ನನ್ನ ಒಣಮೀನು

ಮಕ್ಕಳೇ, ಪ್ರತೀಕ್ಷಾ, ಸುಶಾಂತ, ಎಲ್ಲರೂ ಕೇಳಿ: ನಮ್ಮ ಗಾಡಿಯ ಆ ಮೀನಿನ ವಾಸನೆ ಭಟ್ಟರ ಕಾಲದ್ದಲ್ಲ. ಅದು ನನ್ನದು. ಇಷ್ಟು ವರ್ಷ ಸುಮ್ಮನಿದ್ದೆ.

ಆದಿ ಉಡುಪಿಯ ಭಟ್ಟರು ಹೊರಗೆ ಊಟ ಮಾಡುವವರಲ್ಲ. ಯಾತ್ರೆಗೆ ಹೋದಲ್ಲೆಲ್ಲ ತಮ್ಮ ಅಡುಗೆ ತಾವೇ ಮಾಡಿಕೊಳ್ಳಲೆಂದು ಹಳೆಯ ಟೆಂಪೊ ಕೊಂಡು, ಅದರೊಳಗೆ ಒಲೆ, ನೀರಿನ ಟಾಂಕಿ, ಮಂಚ ಎಲ್ಲ ಮಾಡಿಸಿದ್ದರು. ಗಂಡ ಹೆಂಡತಿ ಅದರಲ್ಲೇ ಕಾಶಿಗೆ ಹೋಗಿಬಂದರು. ಮೊಣಕಾಲು ಹಿಡಿದ ಮೇಲೆ ಮಾರಿದರು. ಕಡಿಮೆಗೆ ಸಿಕ್ಕಿತೆಂದು ನೀವು ತೆಗೆದುಕೊಂಡಿರಿ. "ಒಂದು ಮಂಚ ಅಜ್ಜಿಗೆ" ಎಂದಿರಿ. ಮದುವೆ, ಸತ್ತವರ ಬೊಜ್ಜ ಬಿಟ್ಟರೆ ಕಾಪು ಪೇಟೆ ದಾಟದ ನಾನು — ಆ ಮಂಚದ ಮೇಲೆ ಆಗಲೇ ಕೂತು ನೋಡಿದೆ.

ಮೊದಲ ಸವಾರಿ ಕಾರ್ಕಳಕ್ಕೆ, ನನ್ನ ಅಕ್ಕನ ಮನೆಗೆ. ಕಡಲ ಬದಿಯವರು ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವ ಕ್ರಮವಿಲ್ಲ. "ಅಜ್ಜಿ, ಗಾಡಿಗೆ ಮಾತ್ರ ಮೀನು ಬೇಡ, ಆಯ್ತಾ?" ಎಂದು ಪ್ರತೀಕ್ಷಾ ಮೊದಲೇ ಹೇಳಿದ್ದಳು. ಆದರೂ ಒಂದು ಕಟ್ಟು ಒಣಮೀನು ಸೆರಗಿನಡಿ ಬಂತು. ಅಲ್ಲಿ ಹೋದರೆ ಅಕ್ಕನ ಮನೆಗೆ ಬೀಗ. ಕಟ್ಟನ್ನು ಮಂಚದ ಹಲಗೆಯಡಿ ತುರುಕಿದೆ — ಮರೆತೇಬಿಟ್ಟೆ.

ಬಿಸಿಲಿಗೆ ಅದು ತಾನಾಗಿಯೇ ತನ್ನ ಇರವು ತಿಳಿಸಿತು. ಸುಶಾಂತ ಸಿಟ್ಟಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಭಟ್ಟರ ಅಂಗಳಕ್ಕೆ ಗಾಡಿ ನುಗ್ಗಿಸಿದ.

"ಇದು ಮೀನು ಸಾಗಿಸಿದ ಗಾಡಿ ಅಂತ ಮೊದಲೇ ಹೇಳಬಹುದಿತ್ತಲ್ವಾ ಭಟ್ರೇ?"

ಭಟ್ಟರು ಬಾಗಿಲಲ್ಲಿ ಮೂಗು ಇಟ್ಟು ನೋಡಿದರು. "ಮೀನಿನ ವಾಸನೆ ಹೀಗಾ ಇರುವುದು? ನನಗೆ ಎಂತ ಗೊತ್ತುಂಟು ಮಾರಾಯ?"

"ನಮಗೆ ಗೊತ್ತುಂಟು. ನಾವು ಮೀನಿನವರೇ."

ಆಗಲೇ ನನಗೆ ಹಲಗೆ ನೆನಪಾದದ್ದು. ಮೆಲ್ಲ ಕಟ್ಟನ್ನು ಎಳೆದು ನನ್ನ ಚೀಲಕ್ಕೆ ಹಾಕಿ ಮಡಿಲಲ್ಲಿಟ್ಟುಕೊಂಡೆ. ಹೇಳಿದರೆ ಮಂಚ ಹೋದೀತು ಎಂದು... ಅಷ್ಟೇ, ಬೇರೇನೂ ಇಲ್ಲ.

ಭಟ್ಟರು ಹೆಂಡತಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ನಮಗಿಂತ ಮೊದಲು ಯಾರದ್ದಾಗಿತ್ತೋ ಏನೋ. ಹಾಗಾದರೆ ನಾವು ಕಾಶಿಗೆ ಹೋದದ್ದು ಮೀನಿನ ಗಾಡಿಯಲ್ಲಿಯಾ?"

ಆ ಅಮ್ಮ ಒಳಗೆ ಹೋದರು. "ಪಾಪ, ಈ ವಾಸನೆಯಲ್ಲಿ ಕೂತಿದ್ದೀರಿ" ಎಂದು ನನಗೆ ಕಾಫಿ ತಂದುಕೊಟ್ಟರು. ತಪ್ಪಾಯಿತೆಂದು ತಮ್ಮ ದೋಸೆ ಕಾವಲಿಯನ್ನೂ ಗಾಡಿಗೆ ಇಟ್ಟರು.

ಗೋಕರ್ಣ ನೋಡಿದೆ, ಹಂಪಿ ನೋಡಿದೆ, ನನ್ನ ಮಂಚದಲ್ಲೇ ಮಲಗಿದೆ. ನೀವು ನೆಂಟರಿಗೆಲ್ಲ "ಭಟ್ರು ಮೀನಿನ ಗಾಡಿ ನಮಗೆ ದಾಟಿಸಿದ ಕಥೆ" ಹೇಳಿ ನಗಿಸುವಾಗ ನಾನೂ ನಗುತ್ತಿದ್ದೆ — ಆ ನಗು ಎಷ್ಟು ಕಷ್ಟದ್ದೆಂದು ನಿಮಗೆ ಹೇಗೆ ತಿಳಿಯಬೇಕು.

ಈ ಭಾನುವಾರ ಗಾಡಿಯನ್ನು ಆದಿ ಉಡುಪಿಗೆ ಬಿಡಿ. ಮಾತು ನಾನೇ ಆಡುತ್ತೇನೆ. ಕಾವಲಿಯನ್ನು ಹಿಂದೆ ಕೊಡುವ ಹಾಗಿಲ್ಲ, ಅದರಲ್ಲಿ ಬಂಗುಡೆ ಮೀನು ಹುರಿದಾಗಿದೆ. ಅವರ ಕಾಶಿಯನ್ನಾದರೂ ಅವರಿಗೆ ಹಿಂದೆ ಕೊಟ್ಟು ಬರಬೇಕು.

ಬರಿಗೈಯಲ್ಲಿ ಹೋಗಲಾರೆ, ಮಲ್ಲಿಗೆ ಕೊಂಡುಹೋಗುತ್ತೇನೆ. ಹೊರಡುವ ಮೊದಲು ನನ್ನ ಚೀಲ ಒಮ್ಮೆ ನೋಡಿಬಿಡಿ.